ಅ ಎಂಬ ಅಕ್ಷರ ಯಾರಪ್ಪನ ಸೊತ್ತು?

ಮೇ ಮುಗಿದು ಜೂನ್ ಕಾಲಿಡುವ ಹೊತ್ತಿಗೆ ನಮ್ಮ ಗಿರಣಿ ಕೇರಿಗಳಲ್ಲೂ ಪೇಟೆ ಬೀದಿಗಳಲ್ಲೂ ಒಂದೇ ಮಾತು: ಮಗುವನ್ನು ಎಲ್ಲಿ ಸೇರಿಸಿದಿರಿ, ಎಷ್ಟು ಕಟ್ಟಿದಿರಿ? ಮಗುವಿಗೆ ಮೂರು ವರ್ಷ ತುಂಬಿ ಮೂರು ತಿಂಗಳಾಗಿರುವುದಿಲ್ಲ. ಮೂಗು ಒರೆಸಿಕೊಳ್ಳಲೂ ಬಾರದು. ಅಷ್ಟರಲ್ಲೇ ಬೆನ್ನಿಗೆ ಚೀಲ, ಕೊರಳಿಗೆ ಟೈ, ಕೈಗೆ ಪೆನ್ಸಿಲು ಬಂದಿರುತ್ತವೆ. ಪಾಳಿ ಮುಗಿಸಿ ಬಂದ ತಂದೆ ಕೈಸಾಲ ಮಾಡಿ ಡೊನೇಷನ್ ಕಟ್ಟುತ್ತಾನೆ. ಚಿಲ್ಲರೆ ಅಂಗಡಿಯವನು ಚೀಟಿ ಎತ್ತಿ ಫೀಸು ಕಟ್ಟುತ್ತಾನೆ. ಆ ಹಣಕ್ಕೆ ಪ್ರತಿಯಾಗಿ ಸಂಜೆ ಮನೆಗೆ ಬರುವುದೇನು? ಪುಟದ ತುಂಬ ಒಂದೇ ಅಕ್ಷರವನ್ನು ಬರೆದು ತರಬೇಕೆಂಬ ಅಪ್ಪಣೆ. ಮಗು ಅಳುತ್ತ ಬರೆಯುತ್ತದೆ. ತಾಯಿ ಗದರುತ್ತ ಬರೆಸುತ್ತಾಳೆ. ಕೊನೆಗೆ ಸಾಕಾಗಿ ತಾನೇ ಕೈ ಹಿಡಿದು ಪುಟ ತುಂಬಿಸುತ್ತಾಳೆ. ಮರುದಿನ ಅದರ ಮೇಲೆ ಕೆಂಪು ಶಾಯಿಯ ಗುರುತು ಬೀಳುತ್ತದೆ. ಇದಕ್ಕೆ ವಿದ್ಯಾಭ್ಯಾಸವೆಂದು ಹೆಸರು!

ಇದನ್ನು ವ್ಯಾಪಾರವೆನ್ನಲೂ ನಮಗೆ ಮನಸ್ಸಿಲ್ಲ. ನಮ್ಮ ಓದುಗರಲ್ಲಿ ಅನೇಕರು ತಕ್ಕಡಿ ಹಿಡಿದು ಬಾಳುವವರು. ಕೊಟ್ಟ ದುಡ್ಡಿಗೆ ತೂಕದ ಮಾಲು ಕೊಡುವುದು ನೇರಾದ ವ್ಯಾಪಾರವೆಂಬುದನ್ನು ಅವರು ಬಲ್ಲರು. ಇಲ್ಲಿ ದುಡ್ಡು ಹೋಗುತ್ತದೆ, ಮಾಲು ಬರುವುದಿಲ್ಲ. ಜೊತೆಗೆ ಅಕ್ಷರವೆಂದರೆ ಹೆದರುವ ಮಗುವೊಂದು ಮನೆಗೆ ಬರುತ್ತದೆ.

ನಾವು ಹೇಳಬೇಕೆಂದಿರುವ ಮಾತು ಇಷ್ಟು. ಎಳೆಯ ಮಗುವಿಗೆ ಒಂದು ಅಕ್ಷರದ ಗುರುತು ಹಿಡಿಸಿ, ಆಮೇಲೆ ಅದನ್ನು ಬರೆಯಿಸುವುದು ಕಸುಬು ಬಲ್ಲವರು ಮಾಡಬೇಕಾದ ಕೆಲಸ. ಆ ಕಸುಬನ್ನು ನಮ್ಮ ಸರ್ಕಾರಿ ಶಾಲೆಯ ಉಪಾಧ್ಯಾಯರೇ ಕಟ್ಟಿ ಬೆಳೆಸಿದ್ದಾರೆ. ಆ ಶಾಲೆಯನ್ನೂ ಅಂಗನವಾಡಿಯನ್ನೂ ಅರೆಹೊಟ್ಟೆಯಲ್ಲಿಟ್ಟು, ದುಡಿಯುವವರ ಮಕ್ಕಳನ್ನು ಕಾಪಿ ಬರೆಸುವ ಅಂಗಡಿಗಳಿಗೆ ಅಟ್ಟಲಾಗುತ್ತಿದೆ. ಇದು ತಾನಾಗಿ ಆದದ್ದಲ್ಲ; ಕಾನೂನಿನಲ್ಲೇ ಅದಕ್ಕೆ ದಾರಿ ಬಿಟ್ಟುಕೊಡಲಾಗಿದೆ.

ಮಣಿಕಟ್ಟಿನ ಲೆಕ್ಕ

ಗಿರಣಿಗೆ ಹೊಸದಾಗಿ ಸೇರಿದವನನ್ನು ಮೊದಲ ದಿನವೇ ಒಂಟಿಯಾಗಿ ಯಂತ್ರದ ಮುಂದೆ ಯಾರೂ ನಿಲ್ಲಿಸುವುದಿಲ್ಲ. ಮೊದಲು ನೋಡಬೇಕು, ಆಮೇಲೆ ಕಡಿದ ಎಳೆಗೆ ಗಂಟು ಹಾಕುವುದನ್ನು ಕಲಿಯಬೇಕು, ಕೈ ಪಳಗಿದ ಮೇಲೆ ಯಂತ್ರ. ಇಪ್ಪತ್ತು ವರ್ಷದ ಗಟ್ಟಿ ಆಳಿಗೆ ಇರುವ ಈ ರಿಯಾಯಿತಿ ಮೂರು ವರ್ಷದ ಕೂಸಿಗೆ ಇಲ್ಲ!

ಮನುಷ್ಯನ ಮಣಿಕಟ್ಟಿನಲ್ಲಿ ಎಂಟು ಚಿಕ್ಕ ಎಲುಬುಗಳಿವೆ. ಹುಟ್ಟುವಾಗ ಅವು ಎಲುಬಾಗಿರುವುದಿಲ್ಲ. ಕಿವಿಯ ಹಾಲೆಯಂತೆ ಮೆತ್ತಗಿರುತ್ತವೆ. ವರ್ಷ ಕಳೆದಂತೆ ಒಂದೊಂದೇ ಗಟ್ಟಿಯಾಗುತ್ತ ಬರುತ್ತವೆ. ಮೂರನೆಯ ವಯಸ್ಸಿನಲ್ಲಿ ಸಾಮಾನ್ಯವಾಗಿ ಅವುಗಳಲ್ಲಿ ಅರ್ಧದಷ್ಟೂ ಗಟ್ಟಿಯಾಗಿರುವುದಿಲ್ಲ. ಐದಾರು ವರ್ಷಕ್ಕೆ ಹೆಚ್ಚಿನವು ರೂಪುಗೊಂಡು, ಕಟ್ಟಕಡೆಯದು ಗಟ್ಟಿಯಾಗಲು ಒಂಬತ್ತು ಹತ್ತು ವರ್ಷ ದಾಟಬೇಕು. ಬೆರಳಿನ ಸ್ನಾಯುಗಳೂ ಹಾಗೆಯೇ, ಮೆಲ್ಲಗೆ ಹದಕ್ಕೆ ಬರುವಂಥವು. ಇಂಥ ಕೈಗೆ ಸಣ್ಣ ಪೆನ್ಸಿಲು ಕೊಟ್ಟು, ಎರಡು ಗೆರೆಗಳ ನಡುವೆ ಅಕ್ಷರ ಕೂಡಿಸೆಂದರೆ ಮಗು ಮುಷ್ಟಿ ಬಿಗಿದು ಕೆತ್ತುತ್ತದೆ. ಕೈ ನೋಯುತ್ತದೆ ಎಂದು ಹೇಳುವ ಮಾತೂ ಅದಕ್ಕೆ ತಿಳಿಯದು. ಅದನ್ನೇ ಹಟವೆನ್ನುತ್ತಾರೆ, ಸೋಮಾರಿತನವೆನ್ನುತ್ತಾರೆ.

ಹಾಗಾದರೆ ಅಕ್ಷರ ಕಲಿಯುವ ಬಗೆ ಹೇಗೆ? ಅದು ಕಿವಿಯಿಂದ ಮೊದಲಾಗುತ್ತದೆ. ಮರ, ಮಳೆ, ಮನೆ, ಮಗು ಎಂದು ಹೇಳಿ, ಈ ಎಲ್ಲ ಮಾತುಗಳ ತಲೆಯಲ್ಲಿ ಯಾವ ಸದ್ದಿದೆ ಎಂದು ಮಗುವನ್ನು ಕೇಳಬೇಕು. ಮಗು ‘ಮ’ ಎಂದ ದಿನ ಅರ್ಧ ಕೆಲಸ ಮುಗಿಯಿತು. ಆ ಸದ್ದಿಗೊಂದು ಚಿತ್ರವಿದೆ ನೋಡು ಎಂದು ‘ಮ’ವನ್ನು ಆಗ ತೋರಿಸಬೇಕು. ಆಮೇಲೆ ಅದನ್ನು ಅದರ ಅಣ್ಣತಮ್ಮಂದಿರ ನಡುವೆ ನಿಲ್ಲಿಸಬೇಕು: ವ, ಪ, ಷ, ಮ. ನಮ್ಮ ಲಿಪಿ ದುಂಡಗೆ, ಚೆಂದ. ಆದರೆ ಒಂದನ್ನೊಂದು ಹೋಲುವ ಅಕ್ಷರಗಳು ಅದರಲ್ಲಿ ಬಹಳ. ಪ ಮತ್ತು ಷಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಗೀಟು. ದ ಮತ್ತು ಧಗಳ ನಡುವೆ ಇರುವುದು ಅಡಿಯ ಒಂದು ಸಣ್ಣ ಗೀಟು. ಈ ಭೇದವನ್ನು ಕಣ್ಣು ಹಿಡಿಯುವ ಮೊದಲೇ ಕೈಗೆ ಬರೆ ಎಂದರೆ ಕೈ ಏನನ್ನು ಬರೆಯಬೇಕು?

ಕಣ್ಣಿಗೆ ಗುರುತು ಸಿಕ್ಕಿದ ಮೇಲೆ ಬೆರಳು. ಮರಳಿನ ಮೇಲೆ, ರಂಗೋಲಿ ಪುಡಿಯ ಮೇಲೆ, ನೆಲದ ಮೇಲೆ ಅಂಗೈಯಗಲ ಬರೆದ ಅಕ್ಷರದ ಮೇಲೆ, ಎಲ್ಲಿ ಶುರುಮಾಡಿ ಯಾವ ಕಡೆ ತಿರುಗಬೇಕೆಂದು ಬೆರಳಿಗೆ ರೂಢಿಯಾಗಬೇಕು. ಆಮೇಲೆ ದಪ್ಪ ಬಳಪ, ಪಾಟಿ. ಎಲ್ಲ ಆದ ಮೇಲೆ ಪೆನ್ಸಿಲು, ಕಾಗದ. ಈ ಮೆಟ್ಟಿಲುಗಳನ್ನು ಹಾರಿಸಿ ಕೊನೆಯ ಮೆಟ್ಟಿಲಿನ ಮೇಲೆ ಕೂಸನ್ನು ಕೂರಿಸುವುದೇ ಅಂಗಡಿ ಶಾಲೆಯ ಜಾಣತನ. ಏಕೆಂದರೆ ಕಿವಿ ಕಲಿತದ್ದನ್ನು ತಂದೆತಾಯಿಗೆ ತೋರಿಸಿ ಫೀಸು ಕೇಳುವಂತಿಲ್ಲ. ತುಂಬಿದ ಪುಟವನ್ನು ತೋರಿಸಿ ಕೇಳಬಹುದು.

ನಮ್ಮ ಓದುಗರು ಒಂದು ಪರೀಕ್ಷೆ ಮಾಡಿ ನೋಡಲಿ. ನೂರು ಸಲ ‘ಅ’ ಬರೆದ ಮಗುವನ್ನು ಬೀದಿಗೆ ಕರೆದುಕೊಂಡು ಹೋಗಿ, ಯಾವುದಾದರೂ ಅಂಗಡಿಯ ಬೋರ್ಡಿನಲ್ಲಿ ಅದೇ ‘ಅ’ವನ್ನು ತೋರಿಸು ಎನ್ನಿ. ತೋರಿಸಿದರೆ ಸಂತೋಷ. ಪಿಳಿಪಿಳಿ ಕಣ್ಣು ಬಿಟ್ಟರೆ, ನೀವು ಕಟ್ಟಿದ ಫೀಸು ಯಾವುದಕ್ಕೆ ಹೋಯಿತೆಂದು ಯೋಚಿಸಿ.

ಅರಸನೇ ಏಕೆ ಮೊದಲು?

ನಮ್ಮ ವರ್ಣಮಾಲೆಯಲ್ಲಿ ಈಗ 49 ಅಕ್ಷರ: ಸ್ವರ 13, ಯೋಗವಾಹ 2, ವ್ಯಂಜನ 34. ಹಳೆಯ ವೈಯಾಕರಣರು ಗಂಟಲಿನಿಂದ ತುಟಿಯವರೆಗೆ ಸದ್ದು ಹುಟ್ಟುವ ತಾಣಗಳನ್ನು ಲೆಕ್ಕ ಹಾಕಿ ಕ ವರ್ಗದಿಂದ ಪ ವರ್ಗದವರೆಗೆ ಸಾಲು ಹಚ್ಚಿದರು. ಇದು ಬುದ್ಧಿವಂತಿಕೆಯ ಕೆಲಸ. ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಅದು ನಿಘಂಟು ತೆರೆಯುವವನಿಗೆ ಬೇಕಾದ ಸಾಲು. ಮಾತನ್ನು ಮೊದಲ ಸಲ ಓದುವ ಕೂಸಿಗೆ ಬೇಕಾದ ಸಾಲಲ್ಲ. ಆ ಸಾಲು ಹಿಡಿದು ಹೊರಟ ಮಗು ಹದಿನೈದು ಅಕ್ಷರ ದಾಟಿದರೂ ಓದಿ ಸಂತೋಷಪಡುವಂಥ ಮಾತು ಸಿಗುವುದಿಲ್ಲ. ಮುಂದೆ ಕ ವರ್ಗಕ್ಕೆ ಬಂದರೆ ಐದನೆಯ ಅಕ್ಷರವೇ ಙ. ಅದು ಯಾವ ಮಾತಿನಲ್ಲಿ ಬರುತ್ತದೆಂದು ಹೇಳಲು ಉಪಾಧ್ಯಾಯರೂ ತಡಕಾಡಬೇಕು. ಚ ವರ್ಗದ ಕೊನೆಗೆ ಞ. ಅದರ ಪಾಡೂ ಅದೇ. ದಿನಬಳಕೆಯಲ್ಲಿ ಕಾಣದ ಈ ಎರಡು ಅಕ್ಷರಗಳನ್ನು ತಿದ್ದಿ ತಿದ್ದಿ ಎಷ್ಟು ಮಕ್ಕಳ ಕಣ್ಣೀರು ಪಾಟಿಯ ಮೇಲೆ ಬಿದ್ದಿದೆಯೋ!

ಇನ್ನು ಚಿತ್ರಪಟ. ಗೋಡೆಗೆ ತೂಗುಹಾಕುವ ಎಷ್ಟೋ ಪಟಗಳಲ್ಲಿ ‘ಅ’ ಎಂದರೆ ಅರಸ. ಅರಸರು ಹೋದರು, ಪಟದ ಅರಸ ಕಿರೀಟ ಸಮೇತ ಉಳಿದಿದ್ದಾನೆ. ಅ ಎಂದರೆ ಅಗಸ ಎನ್ನಲು ಏನಡ್ಡಿ? ಅ ಎಂದರೆ ಅಕ್ಕಿ, ಅ ಎಂದರೆ ಅಂಗಡಿ ಎನ್ನಬಾರದೆ? ಮಗು ದಿನಾ ನೋಡುವ, ಮುಟ್ಟುವ, ತಿನ್ನುವ ವಸ್ತುವಿನ ಹೆಸರಿನಲ್ಲಿ ಅಕ್ಷರ ಸಿಕ್ಕಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ.

ಈ ಸಾಲನ್ನು ಬದಲಾಯಿಸಿದವರು ಯಾರು? ಸೂಟು ಬೂಟಿನ ತಜ್ಞರಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಗಳ ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಕಲಿಕೆಯ ಕ್ರಮ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಪದ್ಧತಿಯನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳತರಗತಿಗಳಿಗೆಲ್ಲ ಬಂತು. ಅದರ ಮೊದಲ ಐದು ಅಕ್ಷರ ಯಾವುವು ಗೊತ್ತೆ? ರ, ಗ, ಸ, ದ, ಅ. ಈ ಐದನ್ನೇ ಕೂಡಿಸಿ ನೋಡಿ: ಸರ, ರಸ, ದರ, ಅಗಸ, ಗರಗಸ. ಐದೇ ಅಕ್ಷರ ಕಲಿತ ಬಡಗಿಯ ಮಗ ತಂದೆಯ ಕೈಯಲ್ಲಿರುವ ಗರಗಸದ ಹೆಸರನ್ನು ಓದಬಲ್ಲ. ಅಂಗಡಿಕಾರನ ಮಗಳು ಹಲಗೆಯ ಮೇಲಿನ ದರ ಎಂಬ ಮಾತನ್ನು ಓದಬಲ್ಲಳು. ಬಸ್ ನಿಲ್ದಾಣದಲ್ಲಿ ನಿಂತ ಮಗು ಬೋರ್ಡು ನೋಡಿ ಗದಗ ಎಂದು ಕೂಗಬಲ್ಲದು! ಮುಂದಿನ ಐದು ಜ, ವ, ಮ, ಬ, ನ. ಆಗ ಮರ ಬಂತು, ಮಗ ಬಂದ, ನಗರ ಬಂತು, ಜನ ಬಂದರು, ಸಮ ಎಂಬ ಮಾತೂ ಬಂತು. ಅರಸನಿಂದ ಹೊರಟ ಪಟಕ್ಕೂ, ಹತ್ತೇ ಅಕ್ಷರದಲ್ಲಿ ಜನರ ಹತ್ತಿರ ಬರುವ ಈ ಸಾಲಿಗೂ ಇರುವ ಅಂತರವನ್ನು ಓದುಗರೇ ತೂಗಿ ನೋಡಲಿ.

ಇದು ಕಸುಬು ಬಲ್ಲವರ ಕೆಲಸ. ಒಂದೊಂದು ವ್ಯಂಜನವೂ 13 ಸ್ವರಗಳೊಡನೆ ಕೂಡಿದರೆ 442 ರೂಪಗಳಾಗುತ್ತವೆ, ಒತ್ತಕ್ಷರ ಬೇರೆ. ತಲೆಕಟ್ಟು, ಇಳಿ, ಗುಡಿಸು, ಕೊಂಬು ಎಂಬ ಗುರುತುಗಳ ಮರ್ಮ ತಿಳಿದ ಮಗುವಿಗೆ ಈ ಎಲ್ಲ ರೂಪಗಳು ಕೈವಶ. ತಿಳಿಯದ ಮಗುವಿಗೆ ಅದು ದಾರಿ ಕಾಣದ ಕಾಡು. ಅದನ್ನು ದಾಟಿಸಲು ತರಬೇತಿಯಾದ ಉಪಾಧ್ಯಾಯ ಬೇಕು. ಅಂಗಡಿ ಶಾಲೆಯಲ್ಲಿ ಇರುವವರು ಯಾರು? ಕೈಗೆ ಬಂದಷ್ಟು ಸಂಬಳಕ್ಕೆ ದುಡಿಯುವ, ತರಬೇತಿಯ ಗಂಧವಿಲ್ಲದೆ ತರಗತಿಗೆ ನೂಕಲ್ಪಟ್ಟ ನಮ್ಮದೇ ಹೆಣ್ಣುಮಕ್ಕಳು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರೂ ಗಿರಣಿಯ ಬದಲಿ ಕೆಲಸಗಾರರಂತೆ ಶೋಷಣೆಗೆ ಸಿಕ್ಕವರೇ.

ಅಕ್ಷರ ಕಸಿದ ಕಥೆ

ಬಡವರ ಕೈಗೆ ಅಕ್ಷರ ಸಿಗದಿರುವುದಕ್ಕೆ ಅವರ ಅಜ್ಞಾನವೇ ಕಾರಣವೆಂದು ಉಳ್ಳವರು ಹೇಳುತ್ತ ಬಂದಿದ್ದಾರೆ. ಇತಿಹಾಸ ಬೇರೆಯೇ ಹೇಳುತ್ತದೆ.

1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ಜಿಲ್ಲೆ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಉತ್ತರ ಬರೆದ. ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡ ಶಾಲೆಗಳು 235. ಓದುವ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು 60 ಮಾತ್ರ! ಮಗು ಶಾಲೆಗೆ ಬಂದೊಡನೆ ಅಕ್ಷರಗಳ ಹೆಸರು ಒದರಿಸದೆ, ಮರಳಿನ ಮೇಲೆ ಬೆರಳಿನಿಂದ ಬರೆಸಿ ಕಲಿಸುತ್ತಾರೆ. ಬೆರಳು ಪಳಗಿದ ಮೇಲೆ ಮಾತ್ರ ಓಲೆಗರಿಯ ಮೇಲೆ ಕಂಟದಿಂದಲೋ ಕಾಗದದ ಮೇಲೆ ಲೇಖನಿಯಿಂದಲೋ ಬರೆಯಲು ಬಿಡುತ್ತಾರೆ ಎಂದು ಅವನು ವಿವರಿಸಿದ್ದಾನೆ. ಬೆರಳು ಮೊದಲು, ಲೇಖನಿ ಆಮೇಲೆ ಎಂಬ ವಿವೇಕ ಇನ್ನೂರು ವರ್ಷದ ಹಿಂದೆಯೇ ನಮ್ಮ ನೆಲದಲ್ಲಿತ್ತು.

ಆದರೆ ಅದೇ ಪತ್ರದಲ್ಲಿ ಇನ್ನೊಂದು ಮಾತಿದೆ. ಹಿಂದೆ ಶಾಲೆಗಳಿದ್ದ ಅನೇಕ ಹಳ್ಳಿಗಳಲ್ಲಿ ಈಗ ಒಂದೂ ಇಲ್ಲ. ಇದಕ್ಕೆ ಕಾರಣ ನಾಡಿನ ಬಡತನ. ಇಲ್ಲಿನ ಹತ್ತಿ ಬಟ್ಟೆಯ ಜಾಗಕ್ಕೆ ಯೂರೋಪಿನ ಸರಕು ಬಂದು ಕಸುಬುದಾರರ ಕೈ ಬರಿದಾಗಿದೆ. ಮಕ್ಕಳ ಎಳೆಯ ಕೈಕಾಲುಗಳಿಗೆ ಚೂರು ಶಕ್ತಿ ಬಂದೊಡನೆ ಅವರನ್ನು ದುಡಿಮೆಗೆ ಹಚ್ಚಬೇಕಾಗಿದೆ ಎಂದು ಕಂಪನಿ ಸರ್ಕಾರದ ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ. ನೇಕಾರನ ಮಗ್ಗ ನಿಂತಿತು, ಅವನ ಮಗುವಿನ ಮರಳುಪಾಟಿಯೂ ನಿಂತಿತು. ಗಿರಣಿ ಕಾರ್ಮಿಕರು ಈ ಮಾತನ್ನು ಮರೆಯಬಾರದು.

ಹಾಗೆಂದು ಹಳೆಯದೆಲ್ಲ ಚಿನ್ನವೆಂದು ನಾವು ಹೇಳುವುದಿಲ್ಲ. ತಡವಾಗಿ ಬಂದ ಹುಡುಗನಿಗೆ ಬಂದ ಸರದಿಗೆ ತಕ್ಕಷ್ಟು ಛಡಿ ಏಟು, ಸೋಮಾರಿಯೆನಿಸಿಕೊಂಡವನನ್ನು ಎರಡೂ ಕೈ ಕಟ್ಟಿ ಸೂರಿಗೆ ತೂಗುಹಾಕುವ ಶಿಕ್ಷೆ, ಇವೂ ಆ ಪತ್ರದಲ್ಲಿವೆ. ಶಾಲೆಯ ಹೊಸಿಲನ್ನೇ ಕಾಣದ ದಲಿತರ ಮಕ್ಕಳು ಎಷ್ಟೋ! 1848ರಲ್ಲಿ ಪುಣೆಯಲ್ಲಿ ಜ್ಯೋತಿಬಾ ಫುಲೆ ಮತ್ತು ಸಾವಿತ್ರಿಬಾಯಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದಾಗ, ಪಾಠ ಹೇಳಲು ಹೋಗುತ್ತಿದ್ದ ಆ ತಾಯಿಯ ಮೇಲೆ ಸಗಣಿ ಎರಚಿದರು. ಅಕ್ಷರ ಕೆಲವರ ಮನೆಯ ಸೊತ್ತಾಗಿರಲಿ ಎಂಬ ಆಸೆ ಪರದೇಶಿಯರದಷ್ಟೇ ಆಗಿರಲಿಲ್ಲ.

ನಮ್ಮ ನೇಕಾರರ ಕೈ ಬರಿದು ಮಾಡಿದ ಇಂಗ್ಲೆಂಡಿನ ಬಟ್ಟೆಗಿರಣಿಗಳಲ್ಲಿ ದುಡಿಯುತ್ತಿದ್ದ ಮಕ್ಕಳಿಗಾದರೂ ಅಕ್ಷರ ದಕ್ಕಿತೆ? 1833ರ ಕಾರ್ಖಾನೆ ಕಾನೂನು, 9ರಿಂದ 13 ವರ್ಷದ ದುಡಿಯುವ ಮಕ್ಕಳಿಗೆ ದಿನಕ್ಕೆ ಎರಡು ತಾಸು ಪಾಠ ಕಡ್ಡಾಯವೆಂದಿತು. ಮಾಲೀಕರು ಏನು ಮಾಡಿದರು? ಮಗು ಶಾಲೆಗೆ ಬಂದಿದೆ ಎಂಬ ಸರ್ಟಿಫಿಕೇಟು ತಂದು ತೋರಿಸಿದರು. ಆ ಸರ್ಟಿಫಿಕೇಟಿನ ಕೆಳಗೆ ‘ಉಪಾಧ್ಯಾಯ’ ಹಾಕಿದ್ದು ರುಜುವಲ್ಲ, ಬರೀ ಒಂದು ಗೀಟಿನ ಗುರುತು. ಏಕೆಂದರೆ ಎಷ್ಟೋ ಕಡೆ ಅವನಿಗೇ ಅಕ್ಷರ ಬರುತ್ತಿರಲಿಲ್ಲ! 1844ರಲ್ಲಿ ಕಾನೂನು ತಿದ್ದಿ, ಉಪಾಧ್ಯಾಯನೇ ಕೈಯಾರೆ ಬರೆದು ಪೂರ್ತಿ ಹೆಸರಿನ ರುಜು ಹಾಕಬೇಕೆಂದು ಸೇರಿಸಬೇಕಾಯಿತು. ಇಂದು ತಾಯಿ ಬರೆದುಕೊಟ್ಟ ಪುಟಕ್ಕೆ ಬೀಳುವ ಕೆಂಪು ಗುರುತಿಗೂ ಆ ಗೀಟಿಗೂ ಏನು ಭೇದ?

ನಮ್ಮಲ್ಲಿ ಬರೋಡೆಯ ಸಯಾಜಿರಾವ್ ಮಹಾರಾಜರು 1906ರಲ್ಲಿ ತಮ್ಮ ಸಂಸ್ಥಾನದಲ್ಲೆಲ್ಲ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. 1911ರಲ್ಲಿ ಗೋಖಲೆಯವರು ಬ್ರಿಟಿಷ್ ಇಂಡಿಯಾಕ್ಕೂ ಅಂಥದೊಂದು ಮಸೂದೆ ತಂದರು. ಸರ್ಕಾರ ಎದುರು ನಿಂತಿತು. 1912ರಲ್ಲಿ 13 ಮತಗಳ ವಿರುದ್ಧ 38 ಮತಗಳಿಂದ ಅದು ಬಿದ್ದುಹೋಯಿತು. ದುಡ್ಡಿಲ್ಲ ಎಂಬುದೂ ಒಂದು ಕಾರಣವಾಗಿತ್ತು. ಆ ಕಾರಣ ಇಂದಿಗೂ ಸತ್ತಿಲ್ಲ.

ಮಾಂಟೆಸ್ಸರಿಯ ಹೆಸರಿನಲ್ಲಿ

ಪೇಟೆಯಲ್ಲಿ ಈಗ ಎಲ್ಲಿ ನೋಡಿದರೂ ‘ಮಾಂಟೆಸ್ಸರಿ’ ಎಂಬ ಬೋರ್ಡು. ಈ ಹೆಸರಿನ ಕಥೆ ನಮ್ಮ ಓದುಗರಿಗೆ ತಿಳಿದಿರಲಿ. ಮರಿಯಾ ಮಾಂಟೆಸ್ಸರಿ ಇಟಲಿಯ ವೈದ್ಯೆ. 1907ರ ಜನವರಿ 6ರಂದು ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡ ಕೂಲಿಕಾರರ ಕೇರಿಯಲ್ಲಿ, ತಂದೆತಾಯಿ ದುಡಿಯಲು ಹೋದಾಗ ಮೆಟ್ಟಿಲಲ್ಲೂ ಓಣಿಯಲ್ಲೂ ಅಲೆಯುತ್ತಿದ್ದ ಮಕ್ಕಳಿಗಾಗಿ ಆಕೆ ಮಕ್ಕಳ ಮನೆ ತೆರೆದರು. ಮರಳು ಕಾಗದದಲ್ಲಿ ಅಕ್ಷರ ಕತ್ತರಿಸಿ ಹಲಗೆಗೆ ಅಂಟಿಸಿ, ಮಕ್ಕಳ ಬೆರಳು ಅದರ ಮೇಲೆ ಓಡುವಂತೆ ಮಾಡಿದರು. ಬೆರಳು ಅಕ್ಷರವನ್ನು ಮುಟ್ಟುತ್ತಿರುವಾಗಲೇ ಅದರ ಸದ್ದನ್ನು ಹೇಳಿಕೊಟ್ಟರು. ಬಲವಂತವಿಲ್ಲದೆ ನಾಲ್ಕೈದು ವರ್ಷದ ಮಕ್ಕಳು ತಾವಾಗಿಯೇ ಬರೆಯತೊಡಗಿದರು. 1939ರಲ್ಲಿ ಆಕೆ ಮದರಾಸಿಗೆ ಬಂದು, ಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದು ಉಪಾಧ್ಯಾಯರಿಗೆ ತರಬೇತಿ ಕೊಟ್ಟರು.

ಕೂಲಿಕಾರರ ಕೂಸುಗಳಿಗಾಗಿ ಹುಟ್ಟಿದ ವಿದ್ಯೆ ಇಂದು ಯಾರ ಪಾಲಾಗಿದೆ? ಶ್ರೀಮಂತರ ಮಕ್ಕಳಿಗೆ ಮರದ ಗೊಂಬೆ, ಮರಳಕ್ಷರ, ಆಟ. ನಮ್ಮ ಮಕ್ಕಳಿಗೆ ಅದರ ಹೆಸರಿನ ಬೋರ್ಡು, ಅದರ ಕೆಳಗೆ ಕಾಪಿ ಪುಸ್ತಕ! ಹೆಸರು ಹೊನ್ನಮ್ಮ, ಕೊರಳಲ್ಲಿ ಕರಿಮಣಿಗೂ ಗತಿಯಿಲ್ಲ ಎಂದಂತಾಗಿದೆ.

ಕಾನೂನಿನ ಕಿಂಡಿ

ಈಗ ಮುಖ್ಯ ಮಾತಿಗೆ ಬರೋಣ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 45ನೆಯ ವಿಧಿ, ಹತ್ತು ವರ್ಷದೊಳಗೆ 14 ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಉಚಿತ ಕಡ್ಡಾಯ ಶಿಕ್ಷಣ ಕೊಡಲು ಪ್ರಯತ್ನಿಸಬೇಕೆಂದಿತು. ಮೇಲಿನ ಮಿತಿ 14. ಕೆಳಗಿನ ಮಿತಿ ಇರಲಿಲ್ಲ. 1960 ಬಂತು, ಹೋಯಿತು. 1951ರಲ್ಲಿ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18. 2011ರ ಜನಗಣತಿಗೆ ನೂರಕ್ಕೆ 73. ಅರವತ್ತು ವರ್ಷ ಕಳೆದರೂ ನಾಲ್ವರಲ್ಲಿ ಒಬ್ಬರು ಹೆಬ್ಬೆಟ್ಟು!

1993ರಲ್ಲಿ ಸುಪ್ರೀಂ ಕೋರ್ಟು 14ರವರೆಗಿನ ಶಿಕ್ಷಣ ಮಗುವಿನ ಮೂಲಭೂತ ಹಕ್ಕೆಂದು ಹೇಳಿತು. ಸರ್ಕಾರ 2002ರಲ್ಲಿ ಸಂವಿಧಾನಕ್ಕೆ 86ನೆಯ ತಿದ್ದುಪಡಿ ತಂದು ಈ ಹಕ್ಕನ್ನು ಬರೆದುಕೊಟ್ಟಿತು. ಆದರೆ ಹೇಗೆ? 6ರಿಂದ 14 ವರ್ಷದವರಿಗೆ ಮಾತ್ರ. ಆರಕ್ಕಿಂತ ಚಿಕ್ಕವರನ್ನು ಹಕ್ಕಿನ ಬಾಗಿಲಿನಿಂದ ಹೊರಗೆ ಕೂರಿಸಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೆಯ ಸೆಕ್ಷನ್ ಮೂರರಿಂದ ಆರು ವರ್ಷದವರಿಗೆ ಸರ್ಕಾರ ವ್ಯವಸ್ಥೆ ಮಾಡಬಹುದು ಎನ್ನುತ್ತದೆ. ಮಾಡಬೇಕು ಎನ್ನುವುದಿಲ್ಲ! ಆ ‘ಬಹುದು’ ಎಂಬ ಮೂರಕ್ಷರದ ಕಿಂಡಿಯಲ್ಲೇ ಇಂದಿನ ಸಾವಿರಾರು ಅಂಗಡಿ ಶಾಲೆಗಳು ನುಗ್ಗಿ ಬಂದಿವೆ. ಕಾನೂನು ಆರಕ್ಕೆ ಬಾಗಿಲು ತೆರೆಯುತ್ತದೆ. ಅಂಗಡಿ ಮೂರಕ್ಕೇ ತೆರೆದು ಕೂತಿರುತ್ತದೆ.

ಸರ್ಕಾರದ ಕಡೆ ಈ ವಯಸ್ಸಿಗೆ ಇರುವುದು ಅಂಗನವಾಡಿ. 1975ರ ಅಕ್ಟೋಬರ್ 2ರಂದು ಈ ಯೋಜನೆ ದೇಶದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಅದು ಕಾಲೂರಿತು. ಐವತ್ತು ವರ್ಷದಿಂದ ಬಡವರ ಕೂಸುಗಳಿಗೆ ಊಟ ಕೊಟ್ಟು, ಹಾಡು ಹೇಳಿ, ತೂಕ ಹಾಕಿ ಸಾಕಿದವರು ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು. ಅವರಿಗೆ ಕೊಡುವುದನ್ನು ಸಂಬಳವೆಂದು ಕರೆಯಲೂ ಸರ್ಕಾರಕ್ಕೆ ಮನಸ್ಸಿಲ್ಲ, ಗೌರವಧನವೆನ್ನುತ್ತದೆ. ಗೌರವ ತಿಂದು ಹೊಟ್ಟೆ ತುಂಬುವುದೆ? ಇವರಿಗೆ ಗ್ರಾಚ್ಯುಟಿ ಸಲ್ಲುತ್ತದೆಂದು ಹೇಳಲು 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟೇ ಬರಬೇಕಾಯಿತು. ಸರ್ವೆ, ರಿಜಿಸ್ಟರು, ಚುನಾವಣೆಯ ಪಟ್ಟಿ ಎಂದು ಊರ ಕೆಲಸವೆಲ್ಲ ಇವರ ತಲೆಗೆ. ಇಷ್ಟೆಲ್ಲ ಹೇರಿ, ಆಮೇಲೆ ಅಂಗನವಾಡಿಯಲ್ಲಿ ಏನೂ ಕಲಿಸುವುದಿಲ್ಲ ಎಂದು ದೂರುತ್ತಾರೆ. ನಲಿ-ಕಲಿಯ ಪಾಡೂ ಇಂಥದೇ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳನ್ನು ಒಂದೇ ಕೊಠಡಿಯಲ್ಲಿ ಒಬ್ಬರೇ ಉಪಾಧ್ಯಾಯರ ಕೈಗೆ ಒಪ್ಪಿಸಿದರೆ ಎಷ್ಟು ಒಳ್ಳೆಯ ಪದ್ಧತಿಯಾದರೂ ಎಷ್ಟು ದಿನ ಬಾಳೀತು? ಕಾಲು ಮುರಿದು, ಓಡಲಿಲ್ಲವೆಂದು ಕುದುರೆಯನ್ನು ಬೈಯುವ ನ್ಯಾಯವಿದು.

ಎದುರು ಮಾತಿಗೆ ಉತ್ತರ

ನಮ್ಮನ್ನು ಕೇಳುವವರುಂಟು: ನಾವೆಲ್ಲ ಏಟು ತಿಂದೇ ಕಲಿತೆವು, ಕಲಿಯಲಿಲ್ಲವೆ? ಕಲಿತಿರಿ, ಸ್ವಾಮಿ. ಆದರೆ ನಿಮ್ಮ ಜೊತೆ ಒಂದನೆಯ ತರಗತಿಯಲ್ಲಿ ಕೂತಿದ್ದವರಲ್ಲಿ ಎಷ್ಟು ಜನ ಏಳನೆಯ ತರಗತಿಗೆ ಬಂದರು? ಉಳಿದವರು ಏಟಿಗೆ ಹೆದರಿ ಎತ್ತ ಹೋದರು? ಉಳಿದುಕೊಂಡವನ ಬಾಯಲ್ಲಿ ಏಟಿನ ಹೊಗಳಿಕೆ ಬರುತ್ತದೆ. ಓಡಿಹೋದವನ ಮಾತನ್ನು ಕೇಳುವವರಿಲ್ಲ. ಅಲ್ಲದೆ, ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಸೆಕ್ಷನ್ ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ.

ಇಂಗ್ಲಿಷ್ ಬೇಡವೆ ಎಂದು ಇನ್ನು ಕೆಲವರು ಕೇಳುವರು. ಬೇಕು. ಧಣಿಯ ಮಗನಿಗೆ ಬೇಕಾದದ್ದು ಆಳಿನ ಮಗನಿಗೂ ಬೇಕು. ಆದರೆ ಯಾವುದು ಮೊದಲು? ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ‘ಮ’ ಎಂದು ಹೇಳಿದರೆ ಮರದಲ್ಲಿ ಬರುವುದೂ ಅದೇ. ಇಂಗ್ಲಿಷಿನಲ್ಲಿ ಅಕ್ಷರದ ಹೆಸರು ‘ಸೀ’. ಅದು ಕ್ಯಾಟ್ ಎಂಬ ಮಾತಿನಲ್ಲಿ ‘ಕ’ ಎನ್ನುತ್ತದೆ, ಸಿಟಿ ಎಂಬ ಮಾತಿನಲ್ಲಿ ‘ಸ’ ಎನ್ನುತ್ತದೆ. ಸದ್ದಿಗೊಂದು ಗುರುತು ಎಂಬ ಗುಟ್ಟು ತನ್ನ ಮನೆಮಾತಿನಲ್ಲಿ ತಿಳಿದ ಮಗು ಎರಡನೆಯ ಲಿಪಿಯನ್ನು ಬೇಗ ಹಿಡಿಯುತ್ತದೆ. ಆ ಗುಟ್ಟೇ ತಿಳಿಯದ ಮಗು ಎರಡರಲ್ಲೂ ಬರೀ ಗೀಚುತ್ತದೆ. ಉರ್ದು, ತೆಲುಗು, ಮರಾಠಿ, ಲಂಬಾಣಿ ಆಡುವ ಮನೆಗಳೂ ನಮ್ಮ ಕೇರಿಯಲ್ಲಿವೆ. ಆ ಮಕ್ಕಳ ಮಾತಿನಿಂದಲೇ ಮೊದಲ ಸದ್ದುಗಳನ್ನು ಎತ್ತಿಕೊಳ್ಳುವುದು ನ್ಯಾಯ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿಯ ಆಶಯವೂ ಅದೇ. ಖಾಸಗಿ ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷೆಯ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟು ಹೇಳಿಬಿಟ್ಟಿದೆ. ಹಾಗಾದ ಮೇಲೆ ಉಳಿದ ದಾರಿ ಒಂದೇ: ತಾಯಿತಂದೆಯರು ತಾವಾಗಿ ಹುಡುಕಿಕೊಂಡು ಬರುವಂತೆ ಸರ್ಕಾರಿ ಶಾಲೆಯನ್ನು ಬಲಪಡಿಸುವುದು.

ಏನಾಗಬೇಕು?

ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಯೂ ಹಕ್ಕಾಗಬೇಕು. ಕಾಯಿದೆಯಲ್ಲಿ ‘ಬಹುದು’ ಹೋಗಿ ‘ಬೇಕು’ ಬರಬೇಕು. ಅಂಗನವಾಡಿಯವರಿಗೆ ಗೌರವಧನದ ಬದಲು ಸಂಬಳ, ತರಬೇತಿ, ಹೊರಗೆಲಸದಿಂದ ಬಿಡುಗಡೆ ಸಿಗಬೇಕು. ಸರ್ಕಾರಿ ಶಾಲೆಯ ಕೆಳತರಗತಿಗಳಿಗೆ ತರಗತಿಗೊಬ್ಬ ಉಪಾಧ್ಯಾಯರಿರಬೇಕು. ಖಾಲಿ ಜಾಗಗಳನ್ನು ತುಂಬಬೇಕು. ಆರು ತುಂಬದ ಮಗುವಿಗೆ ಮನೆಯಲ್ಲಿ ಬರೆಯುವ ಕೆಲಸ ಕೊಡುವುದನ್ನು ನಿಲ್ಲಿಸಬೇಕು. ಒಂದನೆಯ ತರಗತಿಗೆ ಸೇರಿಸಿಕೊಳ್ಳುವಾಗ ಮಗುವಿಗಾಗಲಿ ತಂದೆತಾಯಿಗಾಗಲಿ ಪರೀಕ್ಷೆ ಮಾಡುವುದು ಈಗಲೂ ಅಪರಾಧವೇ. ಕಾಯಿದೆಯ 13ನೆಯ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ 25,000 ರೂಪಾಯಿಯವರೆಗೆ, ಮತ್ತೆ ಮಾಡಿದರೆ ಪ್ರತಿ ಸಲಕ್ಕೆ 50,000 ರೂಪಾಯಿಯವರೆಗೆ ದಂಡವಿದೆ. ಡೊನೇಷನ್ನಿಗೂ ಅಲ್ಲಿ ಶಿಕ್ಷೆಯಿದೆ: ತೆಗೆದುಕೊಂಡದ್ದರ ಹತ್ತರಷ್ಟರವರೆಗೆ. ಈ ಸೆಕ್ಷನ್ನನ್ನು ಹೆಸರು ಹಿಡಿದು ಕೇಳಿ. ಒಬ್ಬರೇ ಕೇಳಿದರೆ ಬಾಗಿಲು ತೋರಿಸುವರು; ಕೇರಿಯವರೆಲ್ಲ ಸೇರಿ ಬ್ಲಾಕ್ ಶಿಕ್ಷಣಾಧಿಕಾರಿಯ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟರೆ ಉತ್ತರ ಕೊಡದೆ ವಿಧಿಯಿಲ್ಲ.

ಮನೆಯಲ್ಲಿ ಮಾಡಬೇಕಾದದ್ದೂ ಇದೆ. ಅದಕ್ಕೆ ದುಡ್ಡು ಬೇಡ. ಅಗಲವಾದ ತಟ್ಟೆಯಲ್ಲಿ ಒಂದು ಬೊಗಸೆ ಮರಳು ಹರಡಿ. ಮಗುವಿನ ಹೆಸರಿನ ಮೊದಲ ಸದ್ದಿನಿಂದ ಆರಂಭಿಸಿ. ಅಂಗಡಿಯ ಬೋರ್ಡು, ಬೆಲ್ಲದ ಚೀಲ, ಬಸ್ಸಿನ ಹಣೆ, ಗಿರಣಿ ಗೇಟು, ಎಲ್ಲೆಲ್ಲಿ ಅಕ್ಷರವಿದೆಯೋ ಅಲ್ಲೆಲ್ಲ ತೋರಿಸಿ. ಮಗು ತಪ್ಪಿದರೆ ನಕ್ಕು ಮತ್ತೆ ತೋರಿಸಿ. ತಾವೇ ಅಕ್ಷರ ಕಲಿಯದ ತಾಯಂದಿರು ನಾಚಬೇಕಾದ್ದಿಲ್ಲ. ಮಗುವಿನ ಜೊತೆ ಅದೇ ಮರಳಿನಲ್ಲಿ ಬೆರಳಾಡಿಸಲಿ. ಅಂಗನವಾಡಿಗೂ ಶಾಲೆಗೂ ವಾರಕ್ಕೊಮ್ಮೆ ಹೋಗಿ, ಇಂದು ಯಾವ ಅಕ್ಷರ ತಾಯಿ, ಯಾವ ಅಕ್ಷರ ಮೇಷ್ಟ್ರೇ ಎಂದು ಕೇಳಿ. ಕೇಳುವ ಊರಿನಲ್ಲಿ ಶಾಲೆ ಸಾಯುವುದಿಲ್ಲ. ಎಸ್‌ಡಿಎಂಸಿಯಲ್ಲಿ ಕೂರುವ ಹಕ್ಕು ತಂದೆತಾಯಿಗಳದು. ಆ ಕುರ್ಚಿಯನ್ನು ಊರ ಪುಢಾರಿಗೆ ಬಿಟ್ಟುಕೊಡಬೇಡಿ.

ಮಿತ್ರರೇ, ಕೂಲಿಗಾಗಿ, ಬೋನಸ್ಸಿಗಾಗಿ, ತೆರಿಗೆಯ ಅನ್ಯಾಯದ ವಿರುದ್ಧ ನೀವು ಹೋರಾಡಿದ್ದೀರಿ. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿ ಬರೆದದ್ದಕ್ಕಿಂತ ಕಡಿಮೆ ಕೂಲಿ ಪಡೆದ ಹಿರಿಯರ ಕಥೆ ನಿಮ್ಮ ಮನೆಗಳಲ್ಲೇ ಇದೆ. ಸಾಹುಕಾರನ ಖಾತೆಯಲ್ಲಿ ಒಂದಕ್ಕೆರಡು ಬರೆದಿದ್ದನ್ನು ಓದಲಾರದೆ ಅಂಗಡಿ ಕಳೆದುಕೊಂಡವರ ಕಥೆಯೂ ಇದೆ. ಅಕ್ಷರ ಬಾರದವನ ಬೆವರು ಯಾವಾಗಲೂ ಬೇರೆಯವರ ಲೆಕ್ಕಕ್ಕೆ ಜಮೆಯಾಗಿದೆ. ಆ ಲೆಕ್ಕ ತಿರುಗಬೇಕಾದರೆ ನಮ್ಮ ಕೂಸುಗಳಿಗೆ ಅಕ್ಷರ ಹೆದರಿಕೆಯಿಲ್ಲದೆ, ಸಾಲವಿಲ್ಲದೆ, ಕೇರಿಯ ಶಾಲೆಯಲ್ಲೇ ಸಿಗಬೇಕು. ಈ ಜೂನಿನಲ್ಲಿ ಫೀಸಿನ ರಸೀದಿ ಹರಿಸಿಕೊಳ್ಳುವ ಮೊದಲು ಒಂದು ಸಲ ನಿಮ್ಮ ಕೇರಿಯ ಅಂಗನವಾಡಿಗೆ ಹೋಗಿ ನೋಡಿ. ಚೆನ್ನಾಗಿದ್ದರೆ ಮಗುವನ್ನು ಅಲ್ಲಿಗೆ ಸೇರಿಸಿ. ಚೆನ್ನಾಗಿಲ್ಲದಿದ್ದರೆ ನಾಲ್ಕು ಜನ ಸೇರಿ, ಅದನ್ನು ಸರಿಮಾಡಿಸುವ ತನಕ ಪಂಚಾಯಿತಿ, ನಗರಸಭೆಗಳ ಬಾಗಿಲು ಬಡಿಯಿರಿ.